ಶಾಪ ಬಿದ್ದದ್ದು ಯಾರ ಮೇಲೆ, ಬಣ್ಣ ಬಂದದ್ದು ಎಲ್ಲಿಂದ?

ಪ್ರಶ್ನೆ: ನಾವು ಹಳಿಯಾಳ ಕಡೆಯ ಸಿದ್ದಿಗಳು, ಕ್ರೈಸ್ತರು. ಈಚೆಗೆ ಹೊರಗಿನಿಂದ ಬಂದ ಬೋಧಕರೊಬ್ಬರು, ನೋಹನು ತನ್ನ ಮಗ ಹಾಮನಿಗೆ ಶಾಪ ಕೊಟ್ಟಿದ್ದರಿಂದಲೇ ಆಫ್ರಿಕಾ ಮೂಲದವರು ಕಪ್ಪಾದರು, ಗುಲಾಮರಾದರು ಎಂದು ಹೇಳಿ ಹೋದರು. ಏಳನೇ ತರಗತಿಯಲ್ಲಿರುವ ನನ್ನ ಮಗಳು ಮನೆಗೆ ಬಂದು, 'ಅಪ್ಪಾ, ನಮಗೆ ಶಾಪ ಇದೆಯಾ?' ಎಂದು ಕೇಳಿದಳು. ತಮ್ಮಲ್ಲೂ ಇಂಥದೇ ಕಥೆ ಇದೆ ಎಂದು ಮುಸ್ಲಿಂ ಸಿದ್ದಿ ಗೆಳೆಯರೊಬ್ಬರು ಹೇಳುತ್ತಾರೆ. ಇದೆಲ್ಲ ಯೆಹೂದಿಗಳು ಶುರು ಮಾಡಿದ್ದು ಎಂದು ಇನ್ನೊಬ್ಬರು. ನಿಜ ಯಾವುದು?

ಉತ್ತರ: ಮೊದಲು ಮಗಳಿಗೆ ಉತ್ತರ ಕೊಟ್ಟುಬಿಡಿ, ಉಳಿದದ್ದನ್ನು ಆಮೇಲೆ ಓದಿ. 'ಇಲ್ಲ ಮಗಳೇ, ನಮಗೆ ಯಾವ ಶಾಪವೂ ಇಲ್ಲ' ಎಂದು ಹೇಳಿ. ಸಮಾಧಾನಕ್ಕಾಗಿ ಹೇಳುವ ಮಾತು ಇದು ಎಂದು ಅವಳಿಗೆ ಅನ್ನಿಸಬಾರದು. ಅದಕ್ಕೇ ಮನೆಯಲ್ಲಿರುವ ಸತ್ಯವೇದ ತೆಗೆದು, ಆದಿಕಾಂಡದ 9ನೇ ಅಧ್ಯಾಯದ 20ರಿಂದ 27ರವರೆಗಿನ ವಚನಗಳನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿ.

ಕಥೆ ಇಷ್ಟೇ. ಜಲಪ್ರಳಯ ಇಳಿದ ಮೇಲೆ ನೋಹ ದ್ರಾಕ್ಷಿತೋಟ ಮಾಡುತ್ತಾನೆ. ದ್ರಾಕ್ಷಾರಸ ಕುಡಿದು ಅಮಲೇರಿ ಡೇರೆಯೊಳಗೆ ಬೆತ್ತಲೆಯಾಗಿ ಬಿದ್ದಿರುತ್ತಾನೆ. ಹಾಮ್ ಅದನ್ನು ನೋಡಿ, ಹೊರಗಿದ್ದ ಶೇಮ್ ಮತ್ತು ಯೆಫೆತರಿಗೆ ಹೇಳುತ್ತಾನೆ. ಅವರಿಬ್ಬರೂ ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋಗಿ, ಮುಖ ತಿರುಗಿಸಿಕೊಂಡೇ ತಂದೆಯ ಮೈ ಮುಚ್ಚುತ್ತಾರೆ. ಎಚ್ಚೆತ್ತ ನೋಹ ಯಾರನ್ನು ಶಪಿಸುತ್ತಾನೆ? 25ನೇ ವಚನದ ಮೇಲೆ ಬೆರಳಿಟ್ಟು ಹೆಸರನ್ನು ಓದಿಸಿ. ಅಲ್ಲಿರುವುದು ಕಾನಾನನ ಹೆಸರು. ಅವನು ಹಾಮನ ಮಗ. ಕಾನಾನನು ತನ್ನ ಅಣ್ಣತಮ್ಮಂದಿರಿಗೆ ದಾಸಾನುದಾಸನಾಗಲಿ ಎನ್ನುತ್ತಾನೆ ನೋಹ. ಈ ಎಂಟು ವಚನಗಳಲ್ಲಿ ಬಣ್ಣದ ಸುದ್ದಿ ಒಂದಕ್ಷರವೂ ಇಲ್ಲ. ಆಫ್ರಿಕಾದ ಸುದ್ದಿಯೂ ಇಲ್ಲ.

ಪುಟ ತಿರುವಿದರೆ 10ನೇ ಅಧ್ಯಾಯದಲ್ಲಿ ವಂಶಾವಳಿ ಸಿಗುತ್ತದೆ. ಹಾಮನಿಗೆ ನಾಲ್ವರು ಮಕ್ಕಳು: ಕೂಷ್, ಮಿಚ್ರಯಿಮ್, ಪೂಟ್, ಕಾನಾನ್. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾ, ಅಂದರೆ ಇಂದಿನ ಸೂಡಾನ್ ಪ್ರದೇಶ. ಮಿಚ್ರಯಿಮ್ ಎಂದರೆ ಈಜಿಪ್ಟ್. ಆ ಗ್ರಂಥಕಾರರಿಗೆ ಗೊತ್ತಿದ್ದ ಕಪ್ಪು ಜನ ಕೂಷನ ಸಂತತಿಯವರು. ಕೂಷನಿಗೆ ಶಾಪವೇ ಇಲ್ಲ. ಅವನ ಮಗ ನಿಮ್ರೋದನನ್ನು ಭೂಮಿಯ ಮೊದಲ ಪರಾಕ್ರಮಶಾಲಿ ಎಂದು ಅದೇ ಅಧ್ಯಾಯ ಹೊಗಳುತ್ತದೆ. ಶಾಪ ತಗುಲಿದ ಕಾನಾನ್ ಎಂಬುದು ಇಸ್ರಾಯೇಲರು ನೆಲೆಯೂರಿದ ನಾಡಿನ ಹಳೆಯ ಹೆಸರು. ಅಲ್ಲಿನ ಮೂಲನಿವಾಸಿಗಳನ್ನು ಕೈಕೆಳಗೆ ಇಟ್ಟುಕೊಂಡದ್ದಕ್ಕೆ ಸಮರ್ಥನೆಯಾಗಿ ಈ ಕಥೆ ಹುಟ್ಟಿತು ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ನನಗೂ ಹಾಗೆಯೇ ತೋರುತ್ತದೆ. ಅದು ಒಳ್ಳೆಯ ಸಮರ್ಥನೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೂ ಆಫ್ರಿಕಾದವರಿಗೂ ಸಂಬಂಧವಿಲ್ಲ.

ಹಾಗಾದರೆ ಹೀಬ್ರೂ ಗ್ರಂಥಗಳಲ್ಲಿ ಕೂಷ್ಯರು ಹೇಗೆ ಕಾಣುತ್ತಾರೆ? ದೂರದ ನಾಡಿನ ಯೋಧರಾಗಿ, ರಾಜರಾಗಿ. ಕೂಷ್ ದೇಶದ ತಿರ್ಹಾಕ ಅರಸನ ಹೆಸರು ಅರಸುಗಳ ಎರಡನೇ ಪುಸ್ತಕದಲ್ಲಿದೆ. ಇತಿಹಾಸ ಇವನನ್ನು ತಹಾರ್ಕ ಎಂದು ಕರೆಯುತ್ತದೆ. ಕ್ರಿಸ್ತಪೂರ್ವ 690ರಿಂದ 664ರವರೆಗೆ ಈಜಿಪ್ಟನ್ನೂ ಆಳಿದ ಕಪ್ಪು ಫರೋಹ ಅವನು. ಮೋಶೆಯ ಹೆಂಡತಿ ಕೂಷ್ಯಳೆಂದು ಮಿರ್ಯಾಮಳು ಗೊಣಗಿದಾಗ ದೇವರ ಕೋಪ ಬೀಳುವುದು ಮಿರ್ಯಾಮಳ ಮೇಲೆ. ತೊನ್ನು ಹತ್ತಿ ಅವಳ ಮೈ ಹಿಮದಂತೆ ಬೆಳ್ಳಗಾಗುತ್ತದೆ. 'ಇಸ್ರಾಯೇಲರೇ, ನೀವು ನನಗೆ ಕೂಷ್ಯರಂತೆಯೇ ಅಲ್ಲವೇ' ಎಂದು ಆಮೋಸನ ಗ್ರಂಥದಲ್ಲಿ ದೇವರೇ ಕೇಳುತ್ತಾನೆ. ಯೆರೆಮೀಯನ ಪುಸ್ತಕದಲ್ಲಿ ಎಬೆದ್ಮೆಲೆಕ್ ಎಂಬ ಕೂಷ್ಯನೊಬ್ಬ ಬರುತ್ತಾನೆ. ಅವನ ಕಥೆಯನ್ನು ಕೊನೆಗೆ ಹೇಳುತ್ತೇನೆ, ಅದು ನಿಮ್ಮ ಮಗಳಿಗಾಗಿ.

ಕಪ್ಪು ಬಣ್ಣದ ಬಗ್ಗೆ ಅಸಡ್ಡೆ ಎಲ್ಲಿಂದ ನುಸುಳಿತು ಎಂಬುದಕ್ಕೆ ಒಂದು ಸಣ್ಣ ಅಕ್ಷರದ ಸಾಕ್ಷಿ ಇದೆ. ಪರಮಗೀತದ ಮೊದಲ ಅಧ್ಯಾಯದಲ್ಲಿ ಹುಡುಗಿಯೊಬ್ಬಳು ತನ್ನ ಬಗ್ಗೆ ಹೇಳಿಕೊಳ್ಳುತ್ತಾಳೆ. ಹೀಬ್ರೂವಿನಲ್ಲಿ ಅದು 'ಶೆಹೋರಾ ಅನಿ ವೆ-ನಾವಾ'. ನಡುವಿನ 'ವೆ' ಎಂಬುದಕ್ಕೆ 'ಮತ್ತು' ಎಂದೂ ಅರ್ಥ ಮಾಡಬಹುದು, 'ಆದರೆ' ಎಂದೂ ಮಾಡಬಹುದು. ಹಳೆಯ ಗ್ರೀಕ್ ಅನುವಾದ 'ನಾನು ಕಪ್ಪು ಮತ್ತು ಚೆಲುವೆ' ಎಂದಿತು. ಜೆರೋಮನ ಲ್ಯಾಟಿನ್ ಅನುವಾದ 'ನಾನು ಕಪ್ಪು, ಆದರೂ ಚೆಲುವೆ' ಎಂದಿತು. ಪಶ್ಚಿಮ ಯೂರೋಪು ಸಾವಿರ ವರ್ಷ ಓದಿದ್ದು ಎರಡನೆಯದನ್ನು. ಮದುವೆಯ ಮಾತುಕತೆಗಳಲ್ಲಿ 'ಹುಡುಗಿ ಕಪ್ಪು, ಆದರೂ ಲಕ್ಷಣವಾಗಿದ್ದಾಳೆ' ಎಂಬುದನ್ನು ಕೇಳಿದ ನಮಗೆ ಆ 'ಆದರೂ' ಎಷ್ಟು ಭಾರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಯೆಹೂದಿಗಳ ಮೇಲಿನ ಆರೋಪಕ್ಕೆ ಬರುತ್ತೇನೆ. ಕ್ರಿಸ್ತಶಕದ ಮೊದಲ ಐದಾರು ಶತಮಾನಗಳಲ್ಲಿ ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಸಂಗ್ರಹಿಸಿದ ಕಥೆಗಳಲ್ಲಿ ಹಾಮ್ ಕಪ್ಪಾದ ಪ್ರಸಂಗ ಇರುವುದು ನಿಜ. ನಾವೆಯೊಳಗೆ ಸಂಯಮದಿಂದಿರಬೇಕೆಂಬ ಕಟ್ಟಳೆಯನ್ನು ನಾಯಿ, ಕಾಗೆ ಮತ್ತು ಹಾಮ್ ಮೂವರೂ ಮುರಿದರು, ಹಾಮನಿಗೆ ಶಿಕ್ಷೆ ಚರ್ಮದಲ್ಲಿ ಆಯಿತು ಎನ್ನುತ್ತದೆ ರಬ್ಬಿಗಳ ದೊಡ್ಡ ಗ್ರಂಥ ತಾಲ್ಮುಡ್. ಇನ್ನೊಂದು ಸಂಗ್ರಹದಲ್ಲಿ ಹಾಮ್ ಇದ್ದಿಲಿನ ಬಣ್ಣಕ್ಕೆ ತಿರುಗಿ ನಾವೆಯಿಂದ ಹೊರಬಂದ ಎಂದಿದೆ. ಕಪ್ಪನ್ನು ಶಿಕ್ಷೆಯೆಂದು ಕಾಣುವ ಈ ಕಥೆಗಳು ನೋವು ಕೊಡುವಂಥವೇ. ಅವನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಕಾಗೆ ಯಾಕೆ ಕಪ್ಪು, ಅಳಿಲಿಗೆ ಯಾಕೆ ಮೂರು ಗೀರು ಎಂದು ನಮ್ಮ ಅಜ್ಜಿಯರು ಹೇಳುವ ಕಥೆಗಳ ಜಾತಿಯವು ಇವು. ಬಣ್ಣಕ್ಕೆ ಕಾರಣ ಹೇಳುತ್ತವೆ, ಗುಲಾಮಗಿರಿಯ ಮಾತೆತ್ತುವುದಿಲ್ಲ. ಅತ್ತ ಕಾನಾನನ ಶಾಪದ ಕಥೆ ಗುಲಾಮಗಿರಿಯ ಮಾತಾಡುತ್ತದೆ, ಬಣ್ಣದ ಮಾತೆತ್ತುವುದಿಲ್ಲ. ಎರಡು ಬೇರೆ ಬೇರೆ ಎಳೆಗಳು ಇವು. ಎರಡನ್ನೂ ಹೊಸೆದು ಒಂದೇ ಹಗ್ಗ ಮಾಡಿದ್ದು ಯಾರು, ಯಾವಾಗ ಎಂಬುದೇ ನಿಮ್ಮ ಪ್ರಶ್ನೆಯ ಜೀವಾಳ.

ರಬ್ಬಿಗಳ ಗ್ರಂಥಗಳಲ್ಲೇ ಬೇರೆ ದನಿಗಳೂ ಇವೆ. ಇಸ್ರಾಯೇಲರು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ನಡುವಿನ ಬಣ್ಣದವರು ಎಂದು 2ನೇ ಶತಮಾನದ ರಬ್ಬಿ ಇಷ್ಮಾಯೇಲ್ ಹೇಳಿದ್ದಾನೆ. ತಮಗಿಂತ ಬೇರೆ ಬಣ್ಣದವರನ್ನು ಕಂಡಾಗ, ಕೂಷ್ಯನಿರಲಿ, ತೀರಾ ಬೆಳ್ಳಗಿನವನಿರಲಿ, 'ಸೃಷ್ಟಿಯನ್ನು ಬಗೆಬಗೆಯಾಗಿ ಮಾಡಿದವನಿಗೆ ಸ್ತೋತ್ರ' ಎಂದು ಹೇಳಬೇಕೆಂಬ ವಿಧಿ ಇದೆ. 'ನನ್ನಪ್ಪ ನಿನ್ನಪ್ಪನಿಗಿಂತ ದೊಡ್ಡವನು ಎಂದು ಯಾರೂ ಹೇಳಬಾರದೆಂದೇ ದೇವರು ಆದಾಮನೊಬ್ಬನನ್ನೇ ಸೃಷ್ಟಿಸಿದ' ಎಂಬ, ರಬ್ಬಿಗಳ ಹಳೆಯ ಕಟ್ಟಳೆಗ್ರಂಥ ಮಿಷ್ನಾದ ಮಾತನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನು 'ಹಾಮ್ ಎಂದರೇ ಕಪ್ಪು, ಸುಟ್ಟವನು' ಎಂಬ ವಾದ. ಬೋಧಕರು ಇದನ್ನೂ ಹೇಳಿರಬಹುದು. ಹೀಬ್ರೂವಿನಲ್ಲಿ 'ಹಾಮ್' ಎಂದು ಬರೆದರೆ ಬಿಸಿ ಎಂಬ ಅರ್ಥವೂ ಬರುವುದರಿಂದ ಹುಟ್ಟಿದ ವಾದ ಇದು. ಇಲ್ಲಿರುವ ಎಡವಟ್ಟು ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಹಳಗನ್ನಡದಲ್ಲಿ 'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. ಶಕಟರೇಫ, ಅಂದರೆ 'ಱ' ಅಕ್ಷರ, ಬಿಟ್ಟುಹೋದ ಮೇಲೆ ಎರಡಕ್ಕೂ ಒಂದೇ ಬರಹ ಉಳಿಯಿತು. ಹಾಗೆಂದು ಅರಿವು ಎಂದರೆ ಕತ್ತರಿಸುವುದು ಎಂದು ಯಾರಾದರೂ ಅರ್ಥ ಹೇಳಿದರೆ ಒಪ್ಪುತ್ತೇವೆಯೇ? ಹೀಬ್ರೂವಿನ 'ಹೇತ್' ಅಕ್ಷರಕ್ಕೂ ಹಿಂದೆ ಎರಡು ಉಚ್ಚಾರಗಳಿದ್ದವು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರೀಕ್ ಅನುವಾದಕರ ಕಿವಿಗೆ ಆ ಭೇದ ಇನ್ನೂ ಕೇಳುತ್ತಿತ್ತು. ಹಾಮನ ಹೆಸರನ್ನು ಅವರು 'ಖಾಮ್' ಎಂದು ಬರೆದರು. ಬಿಸಿ ಎಂಬ ಪದದ ಹಕಾರ ಬೇರೆ. ಎರಡು ಉಚ್ಚಾರಗಳು ಒಂದಾಗಿ ಬೆರೆತ ಮೇಲೆ ಬಂದವರು ಹೆಸರಿಗೂ ಬಿಸಿಲಿಗೂ ಗಂಟು ಹಾಕಿದರು.

ಕ್ರೈಸ್ತರ ಮೊದಲ ಶತಮಾನಗಳಲ್ಲಿ ಚಿತ್ರ ಕಲಸಿಹೋಗಿದೆ. ಒಂದೆಡೆ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ: ಕಂದಾಕೆ ರಾಣಿಯ ಬೊಕ್ಕಸ ನೋಡಿಕೊಳ್ಳುತ್ತಿದ್ದ ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ, ದಾರಿಯಲ್ಲೇ ದೀಕ್ಷಾಸ್ನಾನ ಪಡೆಯುತ್ತಾನೆ. ಇನ್ನೂ ರೋಮಿನ ಚಕ್ರವರ್ತಿಗೆ ಈ ಧರ್ಮದ ಗಾಳಿಯೂ ಸೋಕಿರಲಿಲ್ಲ. ಇನ್ನೊಂದೆಡೆ ಸೈತಾನನನ್ನು 'ಕರಿಯ' ಎಂದು ಕರೆಯುವ ಬರಹಗಳು, ಸನ್ಯಾಸಿಗಳ ಕನಸಿನಲ್ಲಿ ಕಪ್ಪು ಹುಡುಗನಾಗಿ ಬರುವ ದೆವ್ವಗಳು. 3ನೇ ಶತಮಾನದ ಓರಿಗೆನ್ ಮಹಾ ಪಂಡಿತ. ಪರಮಗೀತದ ಕಪ್ಪು ಹುಡುಗಿಯನ್ನು ಅವನು ಸಭೆಯ ಪ್ರತೀಕವೆಂದು ಎತ್ತಿ ಹಿಡಿದ. ಅದೇ ಓರಿಗೆನ್ ಈಜಿಪ್ಟಿನವರ ಬಗ್ಗೆ ಮಾತಾಡುವಾಗ, ಹಾಮನ ಸಂತತಿ ಬಣ್ಣಗೆಟ್ಟದ್ದು, ದಾಸ್ಯಕ್ಕೆ ಬಗ್ಗುವಂಥದ್ದು ಎಂದ. ಬಣ್ಣದ ಎಳೆ, ದಾಸ್ಯದ ಎಳೆ ಎರಡೂ ಇಲ್ಲಿ ಮೊದಲ ಸಲ ಒಂದನ್ನೊಂದು ತಾಕುತ್ತವೆ. ಇನ್ನೂ ಗಂಟು ಬಿದ್ದಿರಲಿಲ್ಲ, ಯಾಕೆಂದರೆ ರೋಮನ್ ಸಂತೆಯಲ್ಲಿ ಗುಲಾಮನಿಗೆ ಇಂಥದೇ ಬಣ್ಣ ಎಂಬುದಿರಲಿಲ್ಲ. ಸಿರಿಯಾ, ಥ್ರೇಸ್, ಗಾಲ್, ಎಲ್ಲಿಂದ ಸೆರೆಹಿಡಿದರೆ ಅಲ್ಲಿನವರು ಗುಲಾಮರು. 70ರಲ್ಲಿ ಯೆರೂಸಲೇಮ್ ಬಿದ್ದಾಗ ಯೆಹೂದಿಗಳನ್ನೇ ಹಿಂಡುಹಿಂಡಾಗಿ ಮಾರಿದರು.

ಆ ಕಾಲದ ಒಬ್ಬರನ್ನು ನಿಮಗೆ ಪರಿಚಯಿಸಬೇಕು. 4ನೇ ಶತಮಾನದಲ್ಲಿ ಈಜಿಪ್ಟಿನ ಸ್ಕೀಟಿಸ್ ಮರುಭೂಮಿಯಲ್ಲಿದ್ದ ಅಬ್ಬಾ ಮೋಸೆಸ್. ಗುಲಾಮನಾಗಿದ್ದವರು, ದರೋಡೆಗಾರರಾದರು, ಕೊನೆಗೆ ಸನ್ಯಾಸಿಯಾದರು. ಒಮ್ಮೆ ಹಿರಿಯರ ಸಭೆಯಲ್ಲಿ, 'ಈ ಐಥಿಯೋಪ್ಯದವನಿಗೆ ನಮ್ಮ ನಡುವೆ ಏನು ಕೆಲಸ?' ಎಂದರು. ಪರೀಕ್ಷೆಗೆಂದು ಹಾಗೆ ಅಂದದ್ದು ಎನ್ನುತ್ತದೆ ಕಥೆ. ಅಬ್ಬಾ ಮೋಸೆಸ್ ಸುಮ್ಮನಿದ್ದರು. ಆಮೇಲೆ, ನಿಮಗೆ ಬೇಸರವಾಗಲಿಲ್ಲವೇ ಎಂದು ಕೇಳಿದಾಗ, ಕಳವಳವಾಯಿತು, ಮಾತಾಡಲಿಲ್ಲ ಎಂದರು. ಅವರ ತಾಳ್ಮೆಯನ್ನು ಹೊಗಳುವುದಕ್ಕೆ ಈ ಕಥೆ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು 'ಕಳವಳವಾಯಿತು' ಎಂಬಲ್ಲಿ. ಸಂತರಿಗೂ ಆ ಮಾತು ಚುಚ್ಚಿತ್ತು.

ಗುಲಾಮಗಿರಿಯ ಬಗ್ಗೆಯೂ ಬಿಚ್ಚಿ ಹೇಳಬೇಕು. ಬಣ್ಣದ ಶಾಪ ಗ್ರಂಥದಲ್ಲಿಲ್ಲ ಎಂದ ಮಾತ್ರಕ್ಕೆ ಈ ಧರ್ಮಗಳು ಗುಲಾಮಗಿರಿಯನ್ನು ತಿರಸ್ಕರಿಸಿದ್ದವು ಎಂದಲ್ಲ. ಯಾಜಕಕಾಂಡದ 25ನೇ ಅಧ್ಯಾಯ ಸುತ್ತಣ ಜನಾಂಗಗಳಿಂದ ಗುಲಾಮರನ್ನು ಕೊಳ್ಳಲು ಅನುಮತಿ ಕೊಡುತ್ತದೆ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂದು ಬರೆದ ಪೌಲನ ಹೆಸರಿನಲ್ಲೇ, ದಾಸರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ಪತ್ರವೂ ಇದೆ. ಕ್ರೈಸ್ತ ಪಂಡಿತ ಆಗಸ್ಟೀನ್ ಗುಲಾಮಗಿರಿಯನ್ನು ಮನುಷ್ಯನ ಪಾಪದ ಫಲ ಎಂದ, ಬಿಡುಗಡೆಗೊಳಿಸಿ ಎನ್ನಲಿಲ್ಲ. ನಿಸ್ಸಾದ ಬಿಷಪ್ ಗ್ರೆಗೊರಿ ಮಾತ್ರ 4ನೇ ಶತಮಾನದ ಕೊನೆಗೆ ವ್ಯವಸ್ಥೆಯ ಬುಡಕ್ಕೇ ಕೊಡಲಿ ಹಾಕಿದ: ದೇವರ ರೂಪದಲ್ಲಿ ಆದವನಿಗೆ ಎಷ್ಟು ಕಾಸು ಬೆಲೆ ಕಟ್ಟಿದೆ, ಬುದ್ಧಿಯುಳ್ಳ ಜೀವಕ್ಕೆ ಯಾವ ಕ್ರಯಪತ್ರ ಬರೆಸಿದೆ ಎಂದು ಯಜಮಾನರನ್ನು ಕೇಳಿದ. ಅವನ ಪ್ರಶ್ನೆಗೆ ಆ ಕಾಲ ಕಿವಿಗೊಡಲಿಲ್ಲ.

ನಿಮ್ಮ ಮುಸ್ಲಿಂ ಗೆಳೆಯರಿಗೆ ಈ ಭಾಗವನ್ನು ತೋರಿಸಿ. ಖುರಾನಿನಲ್ಲಿ ಹಾಮನ ಶಾಪವೂ ಇಲ್ಲ, ಅವನ ಹೆಸರೂ ಇಲ್ಲ. 30ನೇ ಅಧ್ಯಾಯದ 22ನೇ ವಚನ ನುಡಿಗಳ ಮತ್ತು ಬಣ್ಣಗಳ ವೈವಿಧ್ಯವನ್ನು ದೇವರ ಕುರುಹು ಎನ್ನುತ್ತದೆ. 49ನೇ ಅಧ್ಯಾಯದ 13ನೇ ವಚನ, ಪರಸ್ಪರ ಅರಿಯಲೆಂದೇ ನಿಮ್ಮನ್ನು ಜನಾಂಗಗಳಾಗಿ ಮಾಡಿದ್ದೇವೆ, ಧರ್ಮನಿಷ್ಠನೇ ಶ್ರೇಷ್ಠ ಎನ್ನುತ್ತದೆ. ಹಬಶಿ (ಐಥಿಯೋಪ್ಯ ಮೂಲದ) ತಾಯಿಯ ಮಗ, ಮೆಕ್ಕಾದ ಗುಲಾಮ ಬಿಲಾಲರನ್ನು ಪ್ರವಾದಿಯ ಒಡನಾಡಿ ಅಬೂಬಕರ್ ಕೊಂಡು ಬಿಡುಗಡೆ ಮಾಡಿದರು. ಮೊದಲ ಅಜಾನಿನ ದನಿ ಬಿಲಾಲರದು. ಅಬೂ ದರ್ ಎಂಬ ಅನುಯಾಯಿ ಒಬ್ಬನನ್ನು ತಾಯಿಯ ಮೂಲ ಹಿಡಿದು ಹೀಯಾಳಿಸಿದಾಗ, 'ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆ' ಎಂದು ಪ್ರವಾದಿ ಗದರಿದರು ಎಂದು ಪ್ರವಾದಿಯ ನುಡಿನಡೆಗಳ ವರದಿಯಾದ ಹದೀಸ್ ಹೇಳುತ್ತದೆ. ಗುಲಾಮರ ಬಿಡುಗಡೆ ದೊಡ್ಡ ಪುಣ್ಯ ಎಂದಿತು ಇಸ್ಲಾಂ. ಗುಲಾಮಗಿರಿಯನ್ನು ಹಾಗೆಯೇ ಉಳಿಸಿಕೊಂಡಿತು.

ಹಾಗಾದರೆ ಗೆಳೆಯರು ಕೇಳಿದ ಕಥೆ? ಅದು ಗ್ರಂಥದಿಂದ ಬಂದದ್ದಲ್ಲ, ಸಂತೆಯಿಂದ ಬಂದದ್ದು. 7ನೇ ಶತಮಾನದಲ್ಲಿ ಅರಬರು ಉತ್ತರ ಆಫ್ರಿಕಾವನ್ನು ಗೆದ್ದರು. 652ರ ಒಪ್ಪಂದದಂತೆ ನೂಬಿಯಾದವರು ವರ್ಷ ವರ್ಷ ಗುಲಾಮರನ್ನು ಒಪ್ಪಿಸಬೇಕಾಯಿತು. ಸಹಾರಾ ದಾಟಿ, ಕೆಂಪು ಸಮುದ್ರ ದಾಟಿ, ಪೂರ್ವ ಕರಾವಳಿಯಿಂದ ಹಡಗೇರಿ ಕಪ್ಪು ಜನರ ಸಾಗಾಟ ಬೆಳೆಯಿತು. ದಕ್ಷಿಣ ಇರಾಕಿನ ಜೌಗು ನೆಲದಲ್ಲಿ ಉಪ್ಪು ಹತ್ತಿದ ಮಣ್ಣನ್ನು ಕೆತ್ತಿ ತೆಗೆಯುವ ಕೆಲಸಕ್ಕೆ ಅವರನ್ನು ಹಚ್ಚಿದರು. 869ರಲ್ಲಿ ಅವರು ದಂಗೆ ಎದ್ದರು. ಖಲೀಫರ ಸೇನೆಗೆ ಅದನ್ನು ಅಡಗಿಸಲು 883ರವರೆಗೆ ಹದಿನಾಲ್ಕು ವರ್ಷ ಬೇಕಾಯಿತು. ಗುಲಾಮರಲ್ಲಿ ತುರ್ಕರು, ಸ್ಲಾವರು, ಅಂದರೆ ಬಿಳಿಯರೂ ಬಹಳ ಇದ್ದರು. ಆದರೆ ಕ್ರಮೇಣ ಅರಬ್ಬಿ ಭಾಷೆಯೇ ಎರಡು ದಾರಿ ಹಿಡಿಯಿತು: ಬಿಳಿ ಗುಲಾಮನಿಗೆ 'ಮಮ್ಲೂಕ್', ಕಪ್ಪು ಗುಲಾಮನಿಗೆ 'ಅಬ್ದ್'. ಅಬ್ದುಲ್ಲಾ ಎಂಬ ಹೆಸರಿನಲ್ಲಿ ದೇವರ ದಾಸ ಎಂಬ ಗೌರವದ ಪದ ಅದು, ನಮ್ಮ ಪುರಂದರದಾಸರ ಹೆಸರಿನಲ್ಲಿರುವ ದಾಸನಂತೆ. ಅದೇ ಪದ ಬೀದಿಯಲ್ಲಿ ಕಪ್ಪು ಮನುಷ್ಯನನ್ನು ಕರೆಯುವ ಪದವಾಯಿತು.

ಈ ಹೊತ್ತಿಗೆ ಎರಡು ಎಳೆ ಗಂಟುಬಿದ್ದವು. ಹಾಮ್ ಮೊದಲು ಬೆಳ್ಳಗೆ ಸುಂದರನಾಗಿದ್ದ, ತಂದೆಯ ಶಾಪದಿಂದ ಅವನ ಬಣ್ಣವನ್ನು ದೇವರು ಬದಲಿಸಿದ ಎಂಬ ಮಾತನ್ನು ಯೆಮೆನ್ನಿನ ಕಥೆಗಾರ ವಹಬ್ ಇಬ್ನ್ ಮುನಬ್ಬಿಹ್ ಹೇಳಿದನೆಂದು 9ನೇ ಶತಮಾನದ ಇಬ್ನ್ ಕುತೈಬಾ ಬರೆದಿದ್ದಾನೆ. ಬಣ್ಣವೂ ದಾಸ್ಯವೂ ಒಂದೇ ಶಾಪದ ಎರಡು ಫಲ ಎಂಬ ರೂಪ ಇಂಥ ವರದಿಗಳಲ್ಲಿ ಗಟ್ಟಿಯಾಯಿತು. ಮುಸ್ಲಿಂ ವಿದ್ವಾಂಸರೆಲ್ಲ ಇದನ್ನು ನುಂಗಿಕೊಂಡರು ಎಂದರೆ ಅನ್ಯಾಯವಾಗುತ್ತದೆ. ಬಸ್ರಾದ ಅಲ್-ಜಾಹಿಜ್ 9ನೇ ಶತಮಾನದಲ್ಲೇ ಕಪ್ಪು ಜನರ ಹಿರಿಮೆಯ ಮೇಲೆ ಒಂದು ಪ್ರಬಂಧ ಬರೆದು, ಬಣ್ಣ ನೆಲದ ಗುಣ, ಶಿಕ್ಷೆಯಲ್ಲ ಎಂದ. 12ನೇ ಶತಮಾನದ ಬಾಗ್ದಾದಿನ ಇಬ್ನ್ ಅಲ್-ಜೌಝಿ ಹಾಮನ ಕಥೆಗೆ ಆಧಾರವಿಲ್ಲ ಎಂದ. 14ನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್, ಆದಿಕಾಂಡ ಇರುವ ಯೆಹೂದಿ ಗ್ರಂಥ ತೋರಾದಲ್ಲಿ ಬಣ್ಣದ ಮಾತೇ ಇಲ್ಲ, ಬಿಸಿಲಿಗೆ ಚರ್ಮ ಕಪ್ಪಾಗುತ್ತದೆ, ವಂಶಾವಳಿಕಾರರಿಗೆ ಪ್ರಕೃತಿ ಗೊತ್ತಿಲ್ಲ ಎಂದು ಖಂಡಿಸಿದ. ಇಷ್ಟು ಕಂಡವನೇ, ಕಪ್ಪು ಜನಾಂಗಗಳು ಗುಲಾಮಗಿರಿಗೆ ಸುಲಭವಾಗಿ ಒಗ್ಗುತ್ತವೆ ಎಂದೂ ಬರೆದ. ಶಾಪವನ್ನು ಕಿತ್ತುಹಾಕಿ, ಶಾಪದ ಫಲವನ್ನು ಮಾತ್ರ ಇಟ್ಟುಕೊಂಡ. ಇಂಥ ದೊಡ್ಡ ಬುದ್ಧಿ ಅಲ್ಲಿ ಕುಸಿದದ್ದು ನನಗೆ ಇವತ್ತಿಗೂ ದುಃಖ ತರುತ್ತದೆ. 1615ರ ಸುಮಾರಿಗೆ ಟಿಂಬಕ್ಟುವಿನ ಅಹಮದ್ ಬಾಬಾ ಇದೇ ಪ್ರಶ್ನೆಗೆ ಫತ್ವಾ ರೂಪದಲ್ಲಿ ಉತ್ತರಿಸಿದ: ಯಾರನ್ನೂ ಬಣ್ಣದ ಕಾರಣಕ್ಕೆ ಗುಲಾಮರನ್ನಾಗಿಸುವಂತಿಲ್ಲ, ಕಪ್ಪು ಮುಸ್ಲಿಮನನ್ನು ಮಾರಿದರೆ ಅದು ಧರ್ಮಬಾಹಿರ. ಸ್ವತಃ ಮೊರಾಕ್ಕೊದ ಸೇನೆಗೆ ಸಿಕ್ಕಿ ಸೆರೆಯಾಳಾಗಿ ಮರಾಕೇಶಿಗೆ ಹೋಗಿಬಂದಿದ್ದ ಮನುಷ್ಯ ಅವನು. ಆದರೂ ಮುಸ್ಲಿಮೇತರರ ಗುಲಾಮಗಿರಿಯನ್ನು ಅವನು ಪ್ರಶ್ನಿಸಲಿಲ್ಲ.

ಮುಂದಿನದು ನಿಮ್ಮ ಪೂರ್ವಜರನ್ನು ನೇರ ಮುಟ್ಟಿದ ಕಥೆ. 1444ರ ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ 235 ಸೆರೆಯಾಳುಗಳನ್ನು ಇಳಿಸಿ, ತಾಯಿಮಕ್ಕಳನ್ನು ಅಗಲಿಸಿ ಪಾಲು ಹಾಕಿದರು. ಅವರ ಅಳುವನ್ನು ವರ್ಣಿಸಿದ ಆಸ್ಥಾನ ಇತಿಹಾಸಕಾರ ಜುರಾರಾ, ಅದೇ ಪುಸ್ತಕದಲ್ಲಿ ನೋಹನ ಶಾಪವನ್ನು ಸಮರ್ಥನೆಗೆ ತಂದ. ಇದೇ ಪೋರ್ಚುಗೀಸರು ಮುಂದೆ ಆಫ್ರಿಕಾದಿಂದ ಗೋವೆಗೆ ಗುಲಾಮರನ್ನು ತಂದರು. ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರು ನಿಮ್ಮ ಹಿರಿಯರಲ್ಲಿ ಅನೇಕರು. ಅಮೆರಿಕದ ತೋಟಗಳ ಮಾಲೀಕರಿಗೂ ಈ ಶಾಪ ಬಾಯಿಪಾಠವಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಅದಕ್ಕೆ ಕೊಟ್ಟ ಉತ್ತರಕ್ಕೆ ಎದುರುತ್ತರ ಸಿಕ್ಕಿಲ್ಲ: ಹಾಮನ ಮಕ್ಕಳು ಮಾತ್ರ ಗುಲಾಮರಾಗಬೇಕೆಂದರೆ, ಬಿಳಿ ಯಜಮಾನರಿಗೆ ಗುಲಾಮ ಹೆಂಗಸರಲ್ಲಿ ಹುಟ್ಟಿದ ಇಷ್ಟೊಂದು ಮಕ್ಕಳನ್ನು ಯಾವ ಶಾಸ್ತ್ರದ ಪ್ರಕಾರ ಸಂಕೋಲೆಯಲ್ಲಿಟ್ಟಿದ್ದೀರಿ?

ಕೊನೆಗೆ ವಿಜಾಪುರದ ಒಂದು ಪುಸ್ತಕದ ವಿಷಯ. ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿದ್ದ ಫರಿಶ್ತಾ 17ನೇ ಶತಮಾನದ ಆರಂಭದಲ್ಲಿ ಬರೆದ ಇತಿಹಾಸದಲ್ಲಿ ಹಾಮನ ವಂಶಾವಳಿ ಇದೆ. ಹಾಮನ ಮಕ್ಕಳಲ್ಲಿ ಹಬಶ್ ಒಬ್ಬ, ಹಿಂದ್ ಒಬ್ಬ. ಹಿಂದ್‌ನ ಮಗ ದಖನ್. ದಖನ್‌ನಿಗೆ ಮೂವರು ಮಕ್ಕಳು: ಮರಾಠ, ಕನ್ನಡ, ತೆಲಂಗ. ನಾಡುಗಳಿಗೆ ಹೆಸರು ಬಂದ ಬಗೆಯನ್ನು ಹೀಗೆ ಕಥೆ ಕಟ್ಟಿ ಹೇಳಿದ್ದಾನೆ, ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೆ ಈ ವರಸೆಯಲ್ಲಿ ಹಬಶ್ ಕನ್ನಡದವನಿಗೆ ಅಜ್ಜನ ಒಡಹುಟ್ಟಿದವನಾಗುತ್ತಾನೆ. ಅದೇ ವಿಜಾಪುರದಲ್ಲಿ ಹಬಶಿ ಮೂಲದ ದಿಲಾವರ್ ಖಾನ್ ಬಾಲಕ ಸುಲ್ತಾನನ ಪರವಾಗಿ ರಾಜ್ಯ ನಡೆಸಿದ. ಮುಂದೆ ಮುಹಮ್ಮದ್ ಆದಿಲಶಾಹ ಮತ್ತು ಹಬಶಿ ಮಂತ್ರಿ ಇಖ್ಲಾಸ್ ಖಾನ್ ಒಂದೇ ಆನೆಯ ಮೇಲೆ ಕೂತ ಚಿತ್ರ ಬಂತು. ಸಿಕ್ಕರೆ ಆ ಚಿತ್ರವನ್ನು ಮಗಳಿಗೆ ತೋರಿಸಿ.

ಅವಳಿಗೆಂದು ಎತ್ತಿಟ್ಟ ಕಥೆ ಇದು, ಯೆರೆಮೀಯನ 38ನೇ ಅಧ್ಯಾಯ. ಸತ್ಯ ಹೇಳಿದ್ದಕ್ಕೆ ಪ್ರವಾದಿ ಯೆರೆಮೀಯನನ್ನು ಅಧಿಕಾರಿಗಳು ನೀರಿಲ್ಲದ ಬಾವಿಗೆ ಇಳಿಸುತ್ತಾರೆ. ಅವನು ಕೆಸರಿನಲ್ಲಿ ಹೂತುಕೊಳ್ಳುತ್ತಾನೆ. ಇಡೀ ಯೆರೂಸಲೇಮಿನಲ್ಲಿ ಬಾಯಿ ತೆರೆದವನು ಒಬ್ಬನೇ, ಅರಮನೆಯ ಕೂಷ್ಯ ಎಬೆದ್ಮೆಲೆಕ್. ಆ ಹೆಸರಿನ ಅರ್ಥವೇ ರಾಜನ ದಾಸ. ಅವನು ರಾಜನೆದುರು ನಿಂತು, ಇವರು ಮಾಡಿದ್ದು ಕೆಟ್ಟದ್ದು ಎನ್ನುತ್ತಾನೆ. ಅಪ್ಪಣೆ ಪಡೆದು ಉಗ್ರಾಣಕ್ಕೆ ಹೋಗಿ ಹರಕು ಬಟ್ಟೆಗಳನ್ನು ಆರಿಸಿ ತರುತ್ತಾನೆ. ಹಗ್ಗದ ಜೊತೆ ಅವನ್ನೂ ಬಾವಿಗೆ ಇಳಿಬಿಟ್ಟು ಮೇಲಿನಿಂದ ಕೂಗಿ ಹೇಳುತ್ತಾನೆ: ಈ ಬಟ್ಟೆಗಳನ್ನು ಕಂಕುಳಿಗೆ ಇಟ್ಟುಕೊಂಡು ಅದರ ಮೇಲೆ ಹಗ್ಗ ಕಟ್ಟಿಕೋ. ಎಳೆಯುವಾಗ ಹಗ್ಗ ಮೈ ಕೊಯ್ಯುತ್ತದೆಂಬುದು ಅವನಿಗೆ ಗೊತ್ತಿತ್ತು.